ಬುಡದಲ್ಲಿ ಕಟ್ಟಿ, ತುದಿಯಲ್ಲಿ ಬಿಟ್ಟವರು

ಶನಿವಾರ ಬೆಳಗಾದರೆ ಬೆಂಗಳೂರಿನ ಕಾರು, ಬೈಕುಗಳು ಮಾಗಡಿ ರಸ್ತೆ, ಮೈಸೂರು ರಸ್ತೆ, ಕನಕಪುರ ರಸ್ತೆ ಹಿಡಿಯುತ್ತವೆ. ಸಾವನದುರ್ಗ, ರಾಮದೇವರ ಬೆಟ್ಟ, ರೇವಣಸಿದ್ದೇಶ್ವರ ಬೆಟ್ಟ, ಕಬ್ಬಾಳದುರ್ಗ: ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರಬಹುದಾದ ಬೆಟ್ಟಗಳಿವು. ಹತ್ತಿ ಇಳಿದವರು ಬಂಡೆಯನ್ನು ಹೊಗಳುತ್ತಾರೆ, ಗಾಳಿಯನ್ನು ಹೊಗಳುತ್ತಾರೆ, ಮೇಲಿನಿಂದ ಕಾಣುವ ಮಂಚನಬೆಲೆ ಜಲಾಶಯವನ್ನು ಹೊಗಳುತ್ತಾರೆ. ಗುಡಿಯ ಮಾತು ಬಂದರೆ ಮಾತ್ರ ‘ಚಿಕ್ಕದು, ನೋಡುವಂಥದ್ದೇನಿಲ್ಲ’ ಎಂದುಬಿಡುತ್ತಾರೆ. ಬೇಲೂರು, ಹಳೇಬೀಡು ಕಂಡ ಕಣ್ಣಿಗೆ ಹಾಗನ್ನಿಸುವುದು ಸಹಜ. ಭಕ್ತಿಯಿಂದಲೇ ಬೆಟ್ಟಕ್ಕೆ ಬರುವ ಎಷ್ಟೋ ಜನ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಆಡುತ್ತಾರೆ: ಇಷ್ಟು ದೊಡ್ಡ ಬೆಟ್ಟದ ದೇವರಿಗೆ ಇಷ್ಟು ಸಣ್ಣ ಗುಡಿಯೇ, ಇದು ಅಭಿವೃದ್ಧಿಯಾಗಬೇಡವೇ? ಎರಡೂ ಮಾತಿನ ಬೇರು ಒಂದೇ. ದೇವರ ಹಿರಿಮೆಯನ್ನು ಮನುಷ್ಯ ಕಟ್ಟಿದ್ದರ ಅಳತೆಯಿಂದ ತಿಳಿಯಬಹುದು ಎಂಬ ನಂಬಿಕೆ ಅದು. ಮಾಗಡಿ, ರಾಮನಗರ, ಕನಕಪುರದ ಬೆಟ್ಟಗಳನ್ನು ಕಟ್ಟಡಗಳ ಸಮೇತ ಸಾವಧಾನವಾಗಿ ನೋಡಿದರೆ ಆ ನಂಬಿಕೆ ಇಲ್ಲಿನದಲ್ಲ ಎಂದು ಗೊತ್ತಾಗುತ್ತದೆ. ಇಲ್ಲಿನ ಗುಡಿಗಳ ಸಣ್ಣತನ ಕೊರತೆಯಲ್ಲ, ಅದೊಂದು ನಿಲುವು. ಬೆಟ್ಟವೇ ದೇಗುಲವಾಗಿರುವಾಗ ಮನುಷ್ಯ ಎಷ್ಟು ಕಟ್ಟಬೇಕು, ಎಲ್ಲಿ ಕೈ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಹಿಂದಿನವರು ಕಲ್ಲಿನಲ್ಲೇ ಉತ್ತರ ಬರೆದಿಟ್ಟಿದ್ದಾರೆ.

ಸಾವನದುರ್ಗದಲ್ಲಿ ಸಾವಂದಿ ವೀರಭದ್ರಸ್ವಾಮಿಯ ಗುಡಿ, ನರಸಿಂಹಸ್ವಾಮಿಯ ಗುಡಿ ಎರಡೂ ಬೆಟ್ಟದ ಬುಡದಲ್ಲಿವೆ. ಶೈವರ ಉಗ್ರದೇವರೂ ವೈಷ್ಣವರ ಉಗ್ರದೇವರೂ ಒಂದೇ ಬಂಡೆಯ ನೆರಳನ್ನು ಹಂಚಿಕೊಂಡಿದ್ದಾರೆ. ಹರಕೆ, ಮುಡಿ, ಪರಿಷೆ, ಅನ್ನದಾನ ಎಲ್ಲ ಅಲ್ಲೇ. ಸಮುದ್ರಮಟ್ಟದಿಂದ 1226 ಮೀಟರ್ ಎತ್ತರದ ಆ ಬೆಟ್ಟದ ನೆತ್ತಿಯ ಮೇಲಿರುವುದು ಬಸವಣ್ಣನ ಒಂದು ಪುಟ್ಟ ಮಂಟಪ ಮಾತ್ರ. ಕನಕಪುರ ತಾಲ್ಲೂಕಿನ ಕಬ್ಬಾಳಿನಲ್ಲೂ ಹಾಗೆಯೇ. ಸುತ್ತಲ ಸೀಮೆಯ ಒಕ್ಕಲುಗಳನ್ನೆಲ್ಲ ಕರೆಸಿಕೊಳ್ಳುವ ಕಬ್ಬಾಳಮ್ಮ ಇರುವುದು ಕೆಳಗೆ, ಊರಿನಲ್ಲಿ. ಮೇಲೆ ದುರ್ಗದಲ್ಲಿ ಉಳಿದಿರುವುದು ಒಂದು ಕಾಲಕ್ಕೆ ಸೆರೆಮನೆಯೂ ಆಗಿದ್ದ ಪಾಳುಕೋಟೆ. ಅವ್ವೇರಹಳ್ಳಿಯ ರೇವಣಸಿದ್ದೇಶ್ವರ ಬೆಟ್ಟದಲ್ಲಿ ಭೀಮೇಶ್ವರನ ಗುಡಿ, ರೇಣುಕಾಂಬೆಯ ಗುಡಿ ತಪ್ಪಲಲ್ಲಿವೆ. ನೂರಾರು ಮೆಟ್ಟಿಲು ಹತ್ತಿ ಹೋದರೆ ಸಿಗುವುದು ಬಂಡೆಯಡಿಯ ಗವಿಯಲ್ಲಿರುವ ಲಿಂಗ. ರಾಮದೇವರ ಬೆಟ್ಟದ ಪಟ್ಟಾಭಿರಾಮನ ಗುಡಿ ಮೇಲಿದೆಯಲ್ಲ ಎನ್ನಬಹುದು. ಆದರೆ ಅದೂ ಶಿಖರದ ಮೇಲೆ ಕೂತಿಲ್ಲ. ಬಂಡೆಗಳ ನಡುವೆ ಸಿಕ್ಕ ಸಮತಟ್ಟಿನಲ್ಲಿ, ನೀರಿನ ಕೊಳದ ಪಕ್ಕದಲ್ಲಿದೆ. ಅದರ ಮೇಲೆ ಇನ್ನೂ ದೊಡ್ಡ ಬಂಡೆಗಳು ಎದ್ದು ನಿಂತಿವೆ. ಬೇರೆ ಬೇರೆ ದೇವರು, ಬೇರೆ ಬೇರೆ ಒಕ್ಕಲು, ಬೇರೆ ಬೇರೆ ಕಾಲ. ಆದರೂ ಕ್ರಮ ಒಂದೇ. ಜನ ಸೇರುವ ಬುಡದಲ್ಲಿ ಕಟ್ಟಡ ಬೆಳೆಯುತ್ತದೆ, ಮೇಲೇರಿದಂತೆ ಕರಗುತ್ತದೆ, ನೆತ್ತಿಯಲ್ಲಿ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಇದಕ್ಕೆ ಸಿಗುವ ಮೊದಲ ಆಕ್ಷೇಪ ಕಲ್ಲಿಗೆ ಸಂಬಂಧಿಸಿದ್ದು. ಇಲ್ಲಿನ ಕಲ್ಲಿಗೆ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ. ಟಿಪ್ಪುವಿನ ನಂತರ ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್‌ನ ಹೆಸರಿನಿಂದ ರಾಮನಗರಕ್ಕೆ ಬಂದಿದ್ದ ಹಳೆಯ ಹೆಸರು ಊರಿನಿಂದ ಅಳಿಸಿಹೋಗಿ ಕಲ್ಲಿನಲ್ಲಿ ಉಳಿದಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಗಟ್ಟಿಯಾದ ಈ ಶಿಲೆ ಕರ್ನಾಟಕದ ಉದ್ದಕ್ಕೂ ದಕ್ಷಿಣದಿಂದ ಉತ್ತರಕ್ಕೆ ಪಟ್ಟಿಯಂತೆ ಹಬ್ಬಿದೆ. ಹತ್ತಿರ ಹೋಗಿ ನೋಡಿದರೆ ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಗುಲಾಬಿ ಬಣ್ಣದ ಹರಳುಗಳು ಬೂದುಗಲ್ಲಿನಲ್ಲಿ ಹುದುಗಿರುವುದು ಕಾಣುತ್ತದೆ. ಹೊಯ್ಸಳರ ಬಳಪದ ಕಲ್ಲಿನಲ್ಲಿ ಬಳೆಯನ್ನೂ ಬೆರಳನ್ನೂ ಬಿಡಿಸಿದಂತೆ ಇದರಲ್ಲಿ ಬಿಡಿಸಲಾಗದು, ಉಳಿ ಹರಳಿಗೆ ತಾಗಿದರೆ ಚಕ್ಕೆ ಹಾರುತ್ತದೆ. ಈ ಕಲ್ಲು ಚೆನ್ನಾಗಿ ಕೊಡುವುದು ಚಪ್ಪಡಿಯನ್ನು. ಬಂಡೆಯ ಮೇಲೆ ಬೆಂಕಿ ಹಾಕಿ ಪದರ ಎಬ್ಬಿಸುವುದು, ಸಾಲಾಗಿ ಗುಳಿ ತೋಡಿ ಬೆಣೆ ಹೊಡೆದು ಸೀಳುವುದು ಇಲ್ಲಿನ ಕಲ್ಲೊಡೆಯುವವರ ಹಳೆಯ ಕಸುಬು. ಹಳೆಯ ಕಂಬಗಳ ಅಂಚಿನಲ್ಲಿ ಸಮ ಅಂತರದಲ್ಲಿ ಕಾಣುವ ಅರ್ಧ ಗುಳಿಗಳು ಆ ಬೆಣೆಗಳ ಗುರುತು. ಇದರಿಂದಲೇ ಇಲ್ಲಿನ ವಾಸ್ತು ಹುಟ್ಟಿದೆ: ಕಲ್ಲುಕಂಬ ನೆಟ್ಟ ಬೇಲಿ, ಚಪ್ಪಡಿ ಹೊದಿಸಿದ ಮನೆ, ನಾಲ್ಕು ಕಂಬಕ್ಕೆ ಒಂದು ಹಾಸುಗಲ್ಲು ಮುಚ್ಚಿದ ಮಂಟಪ. ಹಾಗಾದರೆ ಗುಡಿಗಳು ಸರಳವಾಗಿರುವುದಕ್ಕೆ ಕಲ್ಲೇ ಕಾರಣ, ನಿಲುವೂ ಇಲ್ಲ ಗಿಲುವೂ ಇಲ್ಲ ಎನ್ನಬಹುದೇ? ಕೆತ್ತನೆ ಕಡಿಮೆಯಾದದ್ದಕ್ಕೆ ಕಲ್ಲು ಕಾರಣವಿದ್ದೀತು, ಗಾತ್ರ ಕಡಿಮೆಯಾದದ್ದಕ್ಕೆ ಅಲ್ಲ. ಹಂಪಿಯ ಶಿಲ್ಪಿಗಳು ಗಟ್ಟಿ ಗ್ರಾನೈಟಿನಲ್ಲೇ ಉಗ್ರನರಸಿಂಹನನ್ನು ಕಡೆದರು, ಬೀದಿಯುದ್ದದ ಸಾಲುಮಂಟಪಗಳನ್ನು ನಿಲ್ಲಿಸಿದರು. ಕೆತ್ತಲಾಗದ ಕಲ್ಲಿನಿಂದ ದೊಡ್ಡದನ್ನು ಕಟ್ಟಲು ಯಾವ ಅಡ್ಡಿಯೂ ಇರಲಿಲ್ಲ.

ಎರಡನೆಯ ಆಕ್ಷೇಪ ಇನ್ನೂ ನೇರವಾದದ್ದು. ಬಡ ಸೀಮೆ, ಕಡಿದಾದ ಬಂಡೆ. ಮೇಲೆ ಕಟ್ಟಲು ಯಾರಿಂದ ಆಗುತ್ತಿತ್ತು? ಇದಕ್ಕೆ ಸಾವನದುರ್ಗದ ಕೋಟೆಯೇ ಉತ್ತರ. 1638ರಲ್ಲಿ ಬೆಂಗಳೂರು ಬಿಜಾಪುರದವರ ಪಾಲಾದ ಮೇಲೆ ಕೆಂಪೇಗೌಡರ ವಂಶ ಮಾಗಡಿಯನ್ನು ನೆಲೆ ಮಾಡಿಕೊಂಡು, 1728ರಲ್ಲಿ ಮೈಸೂರಿಗೆ ಸೋಲುವ ತನಕ ಈ ಬೆಟ್ಟವನ್ನು ಬೆನ್ನಿಗಿಟ್ಟುಕೊಂಡು ಆಳಿತು. ಕಾಲಿಟ್ಟರೆ ಜಾರುವ ಬಂಡೆಯ ಮೇಲೆ ಅವರು ಸುತ್ತು ಸುತ್ತಾಗಿ ಕೋಟೆಗೋಡೆ ಕಟ್ಟಿದರು, ಬಾಗಿಲು ನಿಲ್ಲಿಸಿದರು, ನೀರು ಹಿಡಿಯುವ ದೊಣೆಗಳನ್ನು ಉಳಿಸಿಕೊಂಡರು. ಕಲ್ಲನ್ನು ಕೆಳಗಿನಿಂದ ಹೊರಬೇಕಿರಲಿಲ್ಲ, ಕಾಲಡಿಯಲ್ಲೇ ಇತ್ತು. ಇಷ್ಟೆಲ್ಲ ಮಾಡಿದವರಿಗೆ ನೆತ್ತಿಯ ಮೇಲೆ ಒಂದು ಗೋಪುರ ಎಬ್ಬಿಸುವುದು ದೊಡ್ಡ ಕೆಲಸವಲ್ಲ. ಅವರ ಮಾಗಡಿ ಪೇಟೆಯಲ್ಲಿ ಸೋಮೇಶ್ವರನಿಗೆ ಗೋಪುರ, ಪ್ರಾಕಾರ, ಮಂಟಪಗಳ ದೊಡ್ಡ ದೇವಸ್ಥಾನವಿದೆ. ಮಾಗಡಿಗೆ ಸೇರಿದಂತಿರುವ ತಿರುಮಲೆಯಲ್ಲಿ ರಂಗನಾಥನ ವೈಭವವಿದೆ. ದೊರೆತನ ಇತ್ತು, ದುಡ್ಡಿತ್ತು, ಕಸುಬುದಾರರಿದ್ದರು. ಶತ್ರುವಿನ ಭಯಕ್ಕೆ ಬೆಟ್ಟದ ಮೇಲೆ ಅಷ್ಟು ಕಲ್ಲು ಪೇರಿಸಿದವರು ಭಕ್ತಿಗೆ ಮೇಲೆ ಇಷ್ಟೇ ಸಾಕೆಂದರು. ಆ ಬಗ್ಗೆ ಅವರ ಬಾಯಿಮಾತು ನಮಗೆ ಉಳಿದಿಲ್ಲ, ಉಳಿದಿರುವುದು ಕೆಲಸ. ಒಂದೇ ಬೆಟ್ಟದಲ್ಲಿ ಆದದ್ದಾಗಿದ್ದರೆ ಆಕಸ್ಮಿಕ ಎಂದು ತಳ್ಳಿಹಾಕಬಹುದಿತ್ತು.

ಇದರ ಹಿಂದಿನ ತತ್ತ್ವ ತಿಳಿಯಬೇಕಾದರೆ ಬಯಲುಸೀಮೆಯ ದೇವಸ್ಥಾನವನ್ನು ನೆನೆಯಬೇಕು. ನಮ್ಮ ಶಿಲ್ಪಶಾಸ್ತ್ರಗಳು ದೇಗುಲದ ಬಗೆಗಳಿಗೆ ಮೇರು, ಮಂದರ, ಕೈಲಾಸ ಎಂದು ಬೆಟ್ಟಗಳ ಹೆಸರನ್ನೇ ಇಟ್ಟಿವೆ. ಮೇಲೇಳುವ ಭಾಗ ಶಿಖರ. ಒಳಗಿನ ಕತ್ತಲ ಕೋಣೆ ಗವಿಯಂತೆ, ಕಿಟಕಿಯಿಲ್ಲದ್ದು. ಅಂದರೆ ಬೆಟ್ಟವಿಲ್ಲದ ಕಡೆ ಮನುಷ್ಯ ಬೆಟ್ಟವನ್ನೂ ಗವಿಯನ್ನೂ ಕಟ್ಟಿಕೊಂಡ. ಚನ್ನಪಟ್ಟಣದ ಪಕ್ಕದ ದೊಡ್ಡಮಳೂರಿನಲ್ಲಿ, ಕಣ್ವ ನದಿಯ ಮರಳುನೆಲದ ಬಯಲಿನಲ್ಲಿ, ಅಪ್ರಮೇಯಸ್ವಾಮಿಗೆ ಎತ್ತರದ ಗೋಪುರ, ವಿಶಾಲ ಪ್ರಾಕಾರ ಬೇಕಾದದ್ದು ಅದಕ್ಕೇ. ಅಲ್ಲಿ ಕಣ್ಣನ್ನು ಮೇಲೆತ್ತಿಸುವಂಥದ್ದು ಬೇರೇನೂ ಇಲ್ಲ. ಅಲ್ಲಿಂದ ಹದಿನೈದಿಪ್ಪತ್ತು ಕಿಲೋಮೀಟರ್ ಆಚೆ ರಾಮದೇವರ ಬೆಟ್ಟದಲ್ಲಿ ಶಿಖರ ಮೊದಲೇ ನಿಂತಿದೆ, ಗವಿ ಮೊದಲೇ ತೆರೆದಿದೆ. ಆ ಎರಡನ್ನೂ ಸಿಮೆಂಟಿನಲ್ಲಿ ಮತ್ತೊಮ್ಮೆ ಕಟ್ಟುವುದೆಂದರೆ ಮೂಲಮೂರ್ತಿಯ ಮುಂದೆ ಅದರದೇ ನಕಲನ್ನು ಇಟ್ಟು ಪೂಜಿಸಿದಂತೆ. ಬೆಟ್ಟವನ್ನೇ ಪೂಜಿಸುವುದು ಶಾಸ್ತ್ರಕ್ಕೆ ಹೊರಗಿನದೂ ಅಲ್ಲ. ಭಾಗವತದ ಹತ್ತನೆಯ ಸ್ಕಂಧದಲ್ಲಿ ಕೃಷ್ಣ ಗೊಲ್ಲರಿಗೆ ಇಂದ್ರನ ಯಾಗ ಬಿಡಿಸಿ ಗೋವರ್ಧನಗಿರಿಗೇ ನೈವೇದ್ಯ ಇಡಿಸುತ್ತಾನೆ, ಅಲ್ಲಿ ಗುಡಿಯ ಮಾತೇ ಇಲ್ಲ. ಗೀತೆಯ ವಿಭೂತಿಯೋಗದಲ್ಲಿ ತಾನು ಶಿಖರಗಳಲ್ಲಿ ಮೇರು, ಸ್ಥಾವರಗಳಲ್ಲಿ ಹಿಮಾಲಯ ಎನ್ನುತ್ತಾನೆ. ತಿರುವಣ್ಣಾಮಲೈನಲ್ಲಿ ಅಷ್ಟು ದೊಡ್ಡ ದೇವಸ್ಥಾನವಿದ್ದೂ ಜನ ಬೆಟ್ಟಕ್ಕೇ ಪ್ರದಕ್ಷಿಣೆ ಹಾಕುತ್ತಾರೆ. ದೇವಸ್ಥಾನ ಇರುವುದು, ಮತ್ತೆ, ಬುಡದಲ್ಲಿ.

ಕರ್ನಾಟಕದಲ್ಲೇ ಇದಕ್ಕೆ ವಿರುದ್ಧವಾದ ನಿದರ್ಶನಗಳಿಲ್ಲವೇ? ಇವೆ. ಚಾಮುಂಡಿಬೆಟ್ಟದ ಮೇಲೆ ಏಳಂತಸ್ತಿನ ಗೋಪುರವಿದೆ, ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಆದರೆ ಚಾಮುಂಡಿಬೆಟ್ಟದ ಮೇಲೆ ಊರೇ ಇದೆ. ಅದು ಅರಸು ಮನೆತನದ ಕುಲದೇವತೆಯ ಆಸ್ಥಾನ, ರಾಜ್ಯದ ಗುರುತು. ಆ ಗೋಪುರ ಹೇಳುವುದರಲ್ಲಿ ದೇವಿಯಷ್ಟೇ ಪಾಲು ಅರಸರದ್ದೂ ಇದೆ. ಶ್ರವಣಬೆಳಗೊಳದ ಗೊಮ್ಮಟ ಇನ್ನೂ ಗಟ್ಟಿ ನಿದರ್ಶನ: ಬೆಟ್ಟದ ನೆತ್ತಿಯ ಮೇಲೇ 57 ಅಡಿ. ಆದರೆ ಅಲ್ಲಿ ಶಿಲ್ಪಿ ಬೆಟ್ಟಕ್ಕೆ ಏನನ್ನೂ ಸೇರಿಸಲಿಲ್ಲ. ಇದ್ದ ಬಂಡೆಯಿಂದ ಬೇಡದ್ದನ್ನು ತೆಗೆದ, ತ್ಯಾಗಿಯ ಮೂರ್ತಿಗೆ ಅದಕ್ಕಿಂತ ತಕ್ಕ ಕ್ರಮ ಇನ್ನೊಂದಿಲ್ಲ. ಆ ನಿದರ್ಶನದಿಂದ ನನ್ನ ವಾದ ಬಿಗಿಯಾಗುತ್ತದೆಯೇ ಹೊರತು ಸಡಿಲವಾಗುವುದಿಲ್ಲ. ಚಾಮುಂಡಿಬೆಟ್ಟ ಸಡಿಲ ಮಾಡುತ್ತದೆ, ಒಪ್ಪುತ್ತೇನೆ. ಎಲ್ಲ ಬೆಟ್ಟಕ್ಕೂ ಒಂದೇ ನಿಯಮ ಎಂದು ನಾನು ಹೇಳುತ್ತಿಲ್ಲ. ಮಾಗಡಿ, ರಾಮನಗರ, ಕನಕಪುರದ ಬೆಟ್ಟಗಳು ಅರಸರ ಪ್ರತಾಪಕ್ಕೆ ಕೋಟೆಯನ್ನು ಕೊಟ್ಟು, ದೇವರ ಮಟ್ಟಿಗೆ ಬೇರೊಂದು ದಾರಿ ಹಿಡಿದವು. ಆ ದಾರಿಯನ್ನು ಬಿಡುವುದಾದರೆ ಏನನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬಿಡಬೇಕು.

ಶರಣರ ದಾರಿಯಿಂದ ಬರುವ ಆಕ್ಷೇಪ ಎಲ್ಲಕ್ಕಿಂತ ಆಳವಾದದ್ದು. ದೇಹವೇ ದೇಗುಲ ಎಂದವರಿಗೆ ಗುಡಿಯೂ ಸ್ಥಾವರ, ಬೆಟ್ಟವೂ ಸ್ಥಾವರ. ಗುಡಿ ಬೇಡವೆಂದು ಬೆಟ್ಟ ಹಿಡಿದರೆ ಸಣ್ಣ ಕಲ್ಲು ಬಿಟ್ಟು ದೊಡ್ಡ ಕಲ್ಲು ಹಿಡಿದಂತಾಯಿತು. ಈ ಪ್ರಶ್ನೆಗೆ ಉತ್ತರ ಹುಡುಕಲು ರೇವಣಸಿದ್ಧರು ತಪಸ್ಸು ಮಾಡಿದರೆಂದು ನಂಬುವ ಗವಿಗೇ ಹೋಗಬೇಕು. ಅಲ್ಲಿ ದೊಡ್ಡ ಬಂಡೆಯೇ ಸೂರು. ಮನುಷ್ಯನ ಪಾಲಿನದು ಮುಂದಿನ ಗೋಡೆ, ಒಂದು ಬಾಗಿಲು, ಅಷ್ಟೆ. ಸುಣ್ಣ ಬಳಿದ ಗೋಡೆ ಮೇಲೆ ಹೋಗಿ ಬಂಡೆಯನ್ನು ಮುಟ್ಟುವ ಕಡೆ ಬಂಡೆ ಗೋಡೆಗೆ ತಕ್ಕಂತೆ ಬದಲಾಗಿಲ್ಲ, ಗೋಡೆಯೇ ಬಂಡೆಯ ಅಂಕುಡೊಂಕಿಗೆ ಹೊಂದಿಕೊಂಡಿದೆ. ಇಲ್ಲಿ ಕಟ್ಟಿಸಿದವನ ಹೆಸರು ಹೇಳುವ ಗೋಪುರವಿಲ್ಲ. ಉಳ್ಳವನು ಇಲ್ಲದವನಿಗಿಂತ ಹೆಚ್ಚೆಂದು ತೋರಿಸಿಕೊಳ್ಳಲು ಜಾಗವೇ ಇಲ್ಲ. ಬಂಡೆ ಯಾರದ್ದೂ ಅಲ್ಲ, ಹತ್ತುವ ಉಸಿರು ಅವರವರದು. ಶರಣರು ಒಪ್ಪದಿದ್ದದ್ದು ಕಲ್ಲನ್ನಲ್ಲ. ಹಣವಿದ್ದವನು ಕಲ್ಲು ಪೇರಿಸಿ ಭಕ್ತಿಯಲ್ಲೂ ಮೇಲುಗೈ ಪಡೆಯುವುದನ್ನು, ನಡೆಯುವ ಬದುಕಿನ ಬದಲಿಗೆ ನಿಂತ ಕಟ್ಟಡವನ್ನು ಮುಂದೆ ಮಾಡುವುದನ್ನು ಅವರು ಒಪ್ಪಲಿಲ್ಲ. ತಮ್ಮ ವಚನಗಳಿಗೆ ಗುಹೆಯ ಒಡೆಯನ ಅಂಕಿತವನ್ನೇ ಆರಿಸಿಕೊಂಡ ಅಲ್ಲಮನ ಪರಂಪರೆಗೆ ಈ ಗವಿ ಪರಕೀಯವಾಗಲಾರದು.

ಇನ್ನು ಭಕ್ತರ ಅನುಕೂಲದ ಮಾತು. ವಯಸ್ಸಾದವರು ಹತ್ತುವುದು ಹೇಗೆ, ಬಿಸಿಲಿಗೆ ನೆರಳು ಬೇಡವೇ, ಕುಡಿಯಲು ನೀರು ಬೇಡವೇ, ಹೆಂಗಸರಿಗೆ ಶೌಚಾಲಯ ಬೇಡವೇ? ಖಂಡಿತ ಬೇಕು, ಇದನ್ನು ಅಲ್ಲಗಳೆಯುವ ಸೌಂದರ್ಯಪ್ರೇಮ ಕ್ರೂರವಾದದ್ದು. ಆದರೆ ಹಿಂದಿನವರು ಇದನ್ನು ಮರೆತಿರಲಿಲ್ಲ. ಮೆಟ್ಟಿಲು ಕಡಿಸುವುದು, ದಾರಿಮಂಟಪ ಕಟ್ಟಿಸುವುದು, ಅರವಟ್ಟಿಗೆ ಇಡುವುದು, ಹೊರೆ ಇಳಿಸಲು ಆಳೆತ್ತರದ ಕಲ್ಲು ನೆಡಿಸುವುದು ಇವೆಲ್ಲ ನಮ್ಮಲ್ಲಿ ಪುಣ್ಯದ ಕೆಲಸಗಳೆಂದೇ ಎಣಿಕೆ. ದಣಿದ ಮೈಗೆ ಆಸರೆಯಾಗುವ ಕಟ್ಟಡ ಬೇರೆ, ಬೆಟ್ಟದೊಂದಿಗೆ ಎತ್ತರಕ್ಕೆ ಪೈಪೋಟಿ ನಡೆಸುವ ಕಟ್ಟಡ ಬೇರೆ. ಕಂಬಿ ಹಾಕಿದ ಮೆಟ್ಟಿಲು ಮೊದಲನೆಯದು. ದೂರದ ರಸ್ತೆಯಿಂದಲೇ ಕಾಣಬೇಕೆಂದು ಎಬ್ಬಿಸುವ ಬಣ್ಣದ ಕಾಂಕ್ರೀಟು ಎರಡನೆಯದು. ಅಭಿವೃದ್ಧಿ ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ಕಟ್ಟಿ ತಂದಾಗ ಬೇಡವೆನ್ನುವವರು ಭಕ್ತದ್ರೋಹಿಗಳಂತೆ ಕಾಣುತ್ತಾರೆ. ಬಿಡಿಸಿ ಕೇಳಿದರೆ ಜಗಳ ಬಹುಪಾಲು ಅಲ್ಲೇ ಮುಗಿಯುತ್ತದೆ.

ಇತ್ತೀಚೆಗೆ ಈ ಜಿಲ್ಲೆಯಲ್ಲಿ ಎರಡು ಸಲ ಈ ಪ್ರಶ್ನೆ ದೊಡ್ಡದಾಗಿ ಎದ್ದಿತು. 2019ರ ಕ್ರಿಸ್‌ಮಸ್ ದಿನ ಕನಕಪುರ ತಾಲ್ಲೂಕಿನ ಹಾರೋಬೆಲೆ ಬಳಿಯ ಕಪಾಲಬೆಟ್ಟದಲ್ಲಿ 114 ಅಡಿ ಎತ್ತರದ ಯೇಸುವಿನ ಪ್ರತಿಮೆಗೆ ಶಂಕುಸ್ಥಾಪನೆಯಾಯಿತು. 2023ರ ಫೆಬ್ರುವರಿಯ ರಾಜ್ಯ ಬಜೆಟ್ಟಿನಲ್ಲಿ ರಾಮನಗರದ ರಾಮದೇವರ ಬೆಟ್ಟದಲ್ಲಿ ಭವ್ಯ ರಾಮಮಂದಿರ ಕಟ್ಟುವ ಘೋಷಣೆ ಬಂತು. ಮೊದಲನೆಯದನ್ನು ವಿರೋಧಿಸಿದವರಲ್ಲಿ ಅನೇಕರು ಎರಡನೆಯದನ್ನು ಸ್ವಾಗತಿಸಿದರು, ಮೊದಲನೆಯದನ್ನು ಬೆಂಬಲಿಸಿದವರಲ್ಲಿ ಅನೇಕರು ಎರಡನೆಯದರಲ್ಲಿ ರಾಜಕೀಯ ಕಂಡರು. ಬೆಟ್ಟ ಯಾವ ಧರ್ಮದವರ ಪಾಲಾಗಬೇಕು ಎಂಬುದರ ಮೇಲೆ ವಾದ ನಡೆಯಿತೇ ಹೊರತು ಬೆಟ್ಟದ ಮೇಲೆ ಮನುಷ್ಯನ ಕೈ ಎಷ್ಟಿರಬೇಕು ಎಂಬುದರ ಮೇಲಲ್ಲ. ಅಳತೆಗೋಲು ಎರಡಕ್ಕೂ ಒಂದೇ ಆಗಬೇಕು. ಹಾರೋಬೆಲೆಯ ಕ್ರೈಸ್ತರಿಗೆ ಬೆಟ್ಟದಲ್ಲಿ ಪ್ರಾರ್ಥಿಸುವ ಹಕ್ಕಿದೆ. ಬೆಟ್ಟದ ಮೇಲೆ ಬೋಧಿಸಿದ, ಪ್ರಾರ್ಥನೆಗೆ ಒಂಟಿಯಾಗಿ ಬೆಟ್ಟ ಹತ್ತಿದ ಯೇಸುವಿನ ಕತೆಯಲ್ಲಿ ಬೆಟ್ಟಕ್ಕೆ ಇರುವ ಘನತೆಯೇ ಅಷ್ಟು ದೊಡ್ಡ ಪ್ರತಿಮೆಯ ಅಗತ್ಯವನ್ನು ಪ್ರಶ್ನಿಸುತ್ತದೆ. ರಾಮದೇವರ ಬೆಟ್ಟದ ವಿಷಯದಲ್ಲಿ ಇನ್ನೊಂದು ಮಾತು ಸೇರುತ್ತದೆ. ಅಲ್ಲಿನ ಕಡಿದಾದ ಬಂಡೆಗಳಲ್ಲಿ ಉದ್ದಕೊಕ್ಕಿನ ರಣಹದ್ದುಗಳು ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫಿನ್ಯಾಕ್ ಔಷಧ ಸತ್ತ ದನದ ಮಾಂಸದ ಮೂಲಕ ಹೊಟ್ಟೆ ಸೇರಿ ದೇಶದಾದ್ಯಂತ ರಣಹದ್ದುಗಳ ಸಂತತಿ ಕುಸಿದಾಗ, 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷೇಧವಾಯಿತು. 2012ರಲ್ಲಿ ಈ ಬೆಟ್ಟ 346 ಹೆಕ್ಟೇರಿನ ರಣಹದ್ದು ಧಾಮವಾಯಿತು, ದೇಶದಲ್ಲೇ ಮೊದಲನೆಯದು. ಇದನ್ನು ಅರಣ್ಯ ಕಾನೂನಿನ ತೊಡಕೆಂದು ಮಾತ್ರ ನೋಡುವುದು ರಾಮಾಯಣ ಓದಿದವರಿಗೆ ತಕ್ಕದ್ದಲ್ಲ. ತಂದೆಗೆ ತನ್ನ ಕೈಯಾರೆ ಮಾಡಲಾಗದ ಸಂಸ್ಕಾರವನ್ನು ರಾಮ ಒಂದು ಹದ್ದಿಗೆ ಮಾಡಿದ. ಅದರ ಕುಲವನ್ನು ಯಂತ್ರಗಳ ಸದ್ದಿನಿಂದ ಓಡಿಸಿ ಕಟ್ಟುವ ಮಂದಿರದಲ್ಲಿ ತೊಡಕಿರುವುದು ಧರ್ಮದಲ್ಲೇ.

ಹಾಗಾದರೆ ವಾರಾಂತ್ಯಕ್ಕೆ ಬರುವವರನ್ನು ಏನೆನ್ನೋಣ? ಅವರಿಗೆ ಭಕ್ತಿಯಿಲ್ಲ, ಅವರಿಂದ ಬೆಟ್ಟ ಮೈಲಿಗೆ ಎಂಬ ದೂರು ಸಾಮಾನ್ಯ. ಆಸ್ಟ್ರೇಲಿಯಾದ ಉಲುರು ಎಂಬ ಭಾರಿ ಬಂಡೆ ಅಲ್ಲಿನ ಅನಂಗು ಜನರಿಗೆ ಪವಿತ್ರ. ಹತ್ತಬೇಡಿ ಎಂದು ಅವರು ಬಹುಕಾಲ ಕೇಳಿಕೊಂಡ ಮೇಲೆ 2019ರ ಅಕ್ಟೋಬರಿನಲ್ಲಿ ಹತ್ತುವುದನ್ನು ಪೂರ್ತಿ ನಿಲ್ಲಿಸಲಾಯಿತು. ನಮ್ಮ ಸಂಪ್ರದಾಯ ಹಾಗಲ್ಲ, ಹತ್ತುವುದೇ ಇಲ್ಲಿ ಸೇವೆ. ಬಂಡೆಯ ಮುಂದೆ ಮಾತು ನಿಂತು ಬೆರಗಾದವನು ದೇವರ ಹೆಸರೆತ್ತದಿದ್ದರೂ ಗುಡಿಯ ಗಾತ್ರ ಅಳೆಯುವ ಭಕ್ತನಿಗಿಂತ ಬೆಟ್ಟದ ಧರ್ಮಕ್ಕೆ ಹತ್ತಿರವಿದ್ದಾನೆ ಎಂದೇ ನನ್ನ ಎಣಿಕೆ. ಅವನಿಗೆ ಕೊರತೆಯಿರುವುದು ನಂಬಿಕೆಯದ್ದಲ್ಲ, ನೇಮದ್ದು. ಹರಕೆಗೆ ಹತ್ತುವವಳು ಬರಿಗಾಲಲ್ಲಿ ಹತ್ತುತ್ತಾಳೆ, ಬೆಟ್ಟದಲ್ಲಿ ಏನು ಮಾಡಬಾರದು ಎಂಬುದು ಅವಳಿಗೆ ಮೊದಲೇ ಗೊತ್ತು. ಚಾರಣಿಗನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ಬಾಟಲಿ, ಸ್ಪೀಕರು, ಬಂಡೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರು ಇವೆಲ್ಲ ನೆತ್ತಿಯ ಮೇಲೆ ತನ್ನ ಗುರುತು ಬಿಡುವ ಆಸೆಯೇ. ಆ ಹುಡುಗನ ಬಣ್ಣದ ಡಬ್ಬಿಗೂ ದೊಡ್ಡವರ ಕಾಂಕ್ರೀಟಿಗೂ ವ್ಯತ್ಯಾಸ ಖರ್ಚಿನಲ್ಲಿ ಮಾತ್ರ. ಒಬ್ಬನನ್ನು ಗದರಿ ಇನ್ನೊಬ್ಬರಿಗೆ ಹಾರ ಹಾಕುವುದು ನ್ಯಾಯವಲ್ಲ.

ಏನೂ ಕಟ್ಟದೆ ಇರುವುದೇ ಭಕ್ತಿಯಾದರೆ ಭಕ್ತರ ಹಣ, ಭಕ್ತರ ಹುರುಪು ಎಲ್ಲಿಗೆ ಹೋಗಬೇಕು? ಇದಕ್ಕೆ ಮಾಗಡಿ ತಾಲ್ಲೂಕಿನಲ್ಲೇ ಉತ್ತರವಿದೆ. ಬೆಟ್ಟಗುಡ್ಡಗಳ ನಡುವಿನ ಕಲ್ಯ ಒಂದು ಕಾಲಕ್ಕೆ ಜೈನರ ಊರು. ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥನ ಸಮಾಧಿಯೂ ಅಲ್ಲೇ ಎಂಬ ನಂಬಿಕೆಯಿದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯವಾಗಿ ಜೈನರು ವಿಜಯನಗರದ ಬುಕ್ಕರಾಯನ ಬಳಿ ಹೋದರು. ಅವನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ಕೊಟ್ಟ. ಆ ಶಾಸನ ಶ್ರವಣಬೆಳಗೊಳದಲ್ಲಿದೆ, ಅದರ ಪ್ರತಿ ಕಲ್ಯದಲ್ಲೂ ಸಿಕ್ಕಿದೆ. ಕೈಹಿಡಿಸಿದ ಸಂಗತಿಯನ್ನು ಎಲ್ಲರೂ ಹೇಳುತ್ತಾರೆ. ಹಣದ ಏರ್ಪಾಡನ್ನು ಹೇಳುವವರು ಕಡಿಮೆ. ಜೈನರ ಮನೆಗೆ ವರ್ಷಕ್ಕೊಂದು ಹಣದಂತೆ ಎತ್ತಿ, ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು. ಅದರ ಹೊಣೆ ತಿರುಪತಿ ತಿರುಮಲೆಯ ತಾತಯ್ಯನದು, ಅಂದರೆ ಎದುರು ಪಕ್ಷದ ವೈಷ್ಣವರದು. ಹೊಸ ಗುಡಿ ಕಟ್ಟಿ ಸಾಮರಸ್ಯ ಸಾರಿ ಎಂದು ಆ ಒಪ್ಪಂದ ಹೇಳಲಿಲ್ಲ. ಇರುವುದನ್ನು ಕಾಯಿರಿ, ಹಾಳಾಗುವುದನ್ನು ತಡೆಯಿರಿ, ಅದೂ ನಿಮ್ಮದಲ್ಲದ ಗುಡಿಯನ್ನು ಎಂದಿತು. ರಾಮನಗರವೆಂದು 2007ರಲ್ಲಿ ಹುಟ್ಟಿ 2025ರಲ್ಲಿ ಬೆಂಗಳೂರು ದಕ್ಷಿಣವೆನಿಸಿಕೊಂಡ ಈ ಜಿಲ್ಲೆಯ ಬೆಟ್ಟಗಳಿಗೆ ಮುಜರಾಯಿ ಇಲಾಖೆಯಿಂದ, ಶಾಸಕರಿಂದ, ದಾನಿಗಳಿಂದ ಬರುವ ಹಣಕ್ಕೂ ಇದೇ ಲೆಕ್ಕ ಹಾಕಬಹುದು: ಮೊದಲು ದೊಣೆಯ ಹೂಳು, ಸೋರುವ ಮಂಟಪದ ಗಾರೆ, ಸಡಿಲವಾದ ಮೆಟ್ಟಿಲು, ಹಬ್ಬದ ದಿನ ನೀರು ಕೊಡುವವರ ಕೂಲಿ, ಬಂಡೆ ಕಾಯುವವರ ಸಂಬಳ. ಕಟ್ಟಲೇಬೇಕಾದ ಊಟದ ಮನೆ, ತಂಗುವ ಮನೆ ಬುಡದಲ್ಲಿ ಎದ್ದರೆ ಸಾಕು. ಕಬ್ಬಾಳಿನಲ್ಲಿ, ಸಾವನದುರ್ಗದಲ್ಲಿ ಅವುಗಳಿಗೆ ಜಾಗ ಬಿಟ್ಟಿರುವುದೂ ಅಲ್ಲೇ.